ಸಡಿಲ ತಂತಿ

ಉಮರ್ ಫಾರೂಖ್ ಗಿಟಾರ್ ನುಡಿಸುವಾಗ ಪರದೆಯಾಚೆ ನಾಹಿದಾಳ ಹೊಲಿಗೆ ಯಂತ್ರ ಒಂದು ದಿನವೂ ನಿಂತದ್ದಿಲ್ಲ. ಗೆಳೆಯ ಪುನೀತ್ ನುಡಿಸಿದ ಮೊದಲ ದಿನವೇ ನಿಂತಿತು. ಮದುವೆಯಾದಂದಿನಿಂದ ಆ ಸದ್ದಿಗೆ ಒಗ್ಗಿಹೋಗಿದ್ದ ಉಮರನಿಗೆ ಹೆಂಡತಿಯ ಯಂತ್ರ ಸುಮ್ಮನಾದದ್ದು ಬೈಗುಳದ ಹಾಗೆ ಕೇಳಿಸಿತು.

ಅಂಗಡಿ ಇರುವುದು ಚಿಕ್ಕನಾಯಕನಹಳ್ಳಿಯಲ್ಲಿ. ಮುಂದೆ ಮೋಟಾರ್ ರಿವೈಂಡಿಂಗ್, ಪರದೆಯ ಹಿಂದೆ ಮನೆ. ಸುಟ್ಟ ಬೋರ್‌ವೆಲ್ ಮೋಟಾರಿಗೆ ತಾಮ್ರದ ತಂತಿ ಸುತ್ತುವಾಗ ಉಮರನ ಫೋನಿನಲ್ಲಿ ಏನಾದರೊಂದು ಹಾಡು ಓಡುತ್ತಲೇ ಇರಬೇಕು. ಹಾಗೆ ಓಡುತ್ತಾ ಓಡುತ್ತಾ ಒಂದು ದಿನ ಹವಾಯಿ ದ್ವೀಪದ ಮುದುಕನೊಬ್ಬ ತೆರೆಯ ಮೇಲೆ ಬಂದ. ಹಿಂದೆ ತೆಂಗಿನ ಮರ, ಜಗಲಿಯ ಮೇಲೆ ಅವನು, ತೊಡೆಯ ಮೇಲೆ ಗಿಟಾರ್. ಹೆಬ್ಬೆರಳು ಕೆಳಗೆ ತಾಳ ಹಿಡಿದಿದ್ದರೆ ಉಳಿದ ಬೆರಳುಗಳು ಮೇಲೆ ಹಾಡುತ್ತಿದ್ದವು, ಇಬ್ಬರು ಕೂತು ನುಡಿಸಿದ ಹಾಗೆ. ಸ್ಲ್ಯಾಕ್ ಕೀ ಎಂದು ಅದರ ಹೆಸರಂತೆ. ಕೆಲವು ತಂತಿಗಳನ್ನು ಬೇಕೆಂದೇ ಸಡಿಲ ಬಿಡುತ್ತಾರೆ. ಉಮರ್ ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳಿದ. ಆಮೇಲೆ ಅದನ್ನೇ ನುಡಿಸುವ, ಹೂವಿನ ಹಾರ ಹಾಕಿಕೊಂಡ ಅಜ್ಜಿಯ, ದನ ಕಾಯುವ ಮನೆತನದ ಅಣ್ಣತಮ್ಮಂದಿರ ವಿಡಿಯೋಗಳನ್ನೂ ಹುಡುಕಿ ಹುಡುಕಿ ಕೇಳಿದ. ಹಳೆಯ ಗಿಟಾರೊಂದನ್ನು ತಂದು ತಾನೂ ನುಡಿಸಲು ಕೂತ. ಇದು ಎಲ್ಲಿಯದೆಂದು ಯಾರಿಗೂ ಹೇಳಲಿಲ್ಲ. ಇಡೀ ತಾಲ್ಲೂಕಿನಲ್ಲಿ ಇದು ತನ್ನೊಬ್ಬನದು ಎಂಬ ಗರ್ವ ಅವನಿಗಿತ್ತು.

ಹಂದನಕೆರೆಯ ಪುನೀತ್ ಪಿಯುಸಿಯಲ್ಲಿ ಅವನ ಬೆಂಚಿನವನು. ತೆಂಗಿನ ತೋಟವಿತ್ತು, ಕಂಠವಿತ್ತು, ಹೋದಲ್ಲೆಲ್ಲ ಜನ ಕುರ್ಚಿ ಎಳೆದು ಹಾಕುತ್ತಿದ್ದರು. ಒಂದು ದಿನ ರಿಪೇರಿಗೆ ಮೋಟಾರು ತಂದವನು ಉಮರನ ಪರದಾಟ ಕೇಳಿ ನಕ್ಕು, "ಕೊಡ್ಲಾ ಇಲ್ಲಿ" ಎಂದು ಗಿಟಾರ್ ಇಸಿದುಕೊಂಡ. ಫೋನಿನಲ್ಲಿ ಓಡುತ್ತಿದ್ದ ವಿಡಿಯೋಗೆ ಕಿವಿಗೊಟ್ಟು ಸ್ವಲ್ಪ ತಡಕಾಡಿದ. ಉಮರ್ ಮೂರು ತಿಂಗಳಿಂದ ಅಟ್ಟಿಸಿಕೊಂಡು ಹೋಗುತ್ತಿದ್ದ ಮುದುಕನ ಹಾಡು ಅವನ ಬೆರಳಿಗೆ ಬಂದೇಬಿಟ್ಟಿತು. ಯಂತ್ರ ನಿಂತದ್ದು ಆಗಲೇ.

ಎಲ್ಲಿ ಕಲಿತೆ ಎಂದು ಉಮರ್ ಕೇಳಿದ.

"ಕಲಿಯೋದೇನ್ಲಾ ಐತೆ? ಅಟ್ಟದ ಮ್ಯಾಲೆ ಕಾಯಿ ಅಲ್ಲಾಡ್ಸಿ ಕಿವಿಗಿಟ್ಕತೀವಲ್ಲ, ಯಾವ್ದು ಒಣಗಿ ಕೊಬ್ಬರಿ ಗಿಟುಕಾಗೈತೆ, ಯಾವುದ್ರಾಗೆ ಇನ್ನೂ ನೀರೈತೆ ಅಂತ. ಇದೂ ಅಷ್ಟೇ ಕಣ್ಲಾ."

ಉಮರನ ಮನೆಗೆ ಅಟ್ಟವೇ ಇರಲಿಲ್ಲ.

ಅಲ್ಲಿಂದ ಪುನೀತ್ ಸ್ಟಾರ್ಟರು, ಕೆಪಾಸಿಟರು ಎಂದು ನೆಪ ಹುಡುಕಿಕೊಂಡು ಬರತೊಡಗಿದ. ಬಂದಾಗಲೆಲ್ಲ ಯಂತ್ರ ನಿಲ್ಲುತ್ತಿತ್ತು. ಈ ನಡುವೆ ಉಮರ್ ಒಂದು ವಿಡಿಯೋ ನೋಡಿದ. ಹಿಂದೆ ಹವಾಯಿಯಲ್ಲಿ ತಂತಿ ಸಡಿಲಿಸುವ ಲೆಕ್ಕ ಮನೆಮನೆಗೂ ಬೇರೆಯಂತೆ, ಹೊರಗಿನವರಿಗೆ ಹೇಳುತ್ತಿರಲಿಲ್ಲವಂತೆ. ಗಿಟಾರ್ ಕೆಳಗಿಡುವ ಮೊದಲು ತಂತಿ ಬಿಗಿಯುವ ಬಿರಡೆ ತಿರುಗಿಸಿ ಶ್ರುತಿ ಕೆಡಿಸಿಡುವವರೂ ಇದ್ದರಂತೆ. ಉಮರನಿಗೆ ಆ ಜನರ ಮೇಲೆ ಅಕ್ಕರೆ ಹುಟ್ಟಿತು. ಹೊಟ್ಟೆಕಿಚ್ಚನ್ನೇ ಅವರು ಪದ್ಧತಿ ಮಾಡಿಕೊಂಡಿದ್ದರು.

ಮರುದಿನ ಪುನೀತ್ ಬಸ್ಸಿಳಿದು ಬರುವುದು ಕಂಡದ್ದೇ ಎಲ್ಲ ಬಿರಡೆಗಳನ್ನೂ ಅಡ್ಡಾದಿಡ್ಡಿ ತಿರುಗಿಸಿ ಗಿಟಾರನ್ನು ಮೊಳೆಗೆ ನೇತುಹಾಕಿದ.

ಪುನೀತ್ ಒಮ್ಮೆ ಮೀಟಿ ಮುಖ ಕಿವುಚಿದ. "ಏನ್ಲಾ ಇವು, ಒಂದಕ್ಕೊಂದು ಮಾತು ಬುಟ್ಟವೆ?"

"ಬಿಸಿಲಿಗೆ ಹಂಗಾಗೈತೆ. ಬುಡು ಇವತ್ತು."

ಅವನು ಬಿಡಲಿಲ್ಲ. ಒಂದೊಂದೇ ತಂತಿ ಮೀಟಿ, ಕಾಯಿಗೆ ಕಿವಿಗೊಡುವವನ ಹಾಗೆ ಬಗ್ಗಿ ಕೇಳಿ ಕೂಡಿಸಿದ. ಮೂರನೆಯದನ್ನು ಮಾತ್ರ ಉಮರ್ ಇಡುತ್ತಿದ್ದುದಕ್ಕಿಂತ ಕೊಂಚ ಕೆಳಗಿಳಿಸಿದ. "ಆ ತಾತ ಇಲ್ಲೇ ಬುಟ್ಟಿರೋದು ಕಣ್ಲಾ, ನೀನೇ ಗಮನ ಕೊಟ್ಟಿಲ್ಲ." ಆಮೇಲೆ ನುಡಿಸಿದ. ಯಂತ್ರ ನಿಂತಿತು. ಹಾಡು ಮುಗಿದು ಅದು ಮತ್ತೆ ಕಟಕಟ ಶುರುವಾದಾಗ ಪುನೀತ್ ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದ.

ಉಮರನ ಕೈ ನೇರವಾಗಿ ಬಿರಡೆಗೆ ಹೋಯಿತು. ಕೆಡಿಸುವ ಮುನ್ನ ಒಂದು ಸಲ ನುಡಿಸಿ ನೋಡೋಣ ಎನಿಸಿತು. ನುಡಿಸಿದ. ಇಷ್ಟು ದಿನ ಕೈಗೆ ಸಿಗದೆ ಸತಾಯಿಸಿದ್ದು ಆ ಮೂರನೆಯ ತಂತಿಯಲ್ಲೇ ಇತ್ತು. ಚೆನ್ನಾಗಿತ್ತು, ಅದನ್ನೇ ಅವನಿಗೆ ಸಹಿಸಲಾಗಲಿಲ್ಲ. ಆದರೂ ಬೆರಳು ನಿಲ್ಲಲಿಲ್ಲ.

ಹೊಲಿಗೆ ಯಂತ್ರ ನಿಂತಿತು.

"ಪುನೀತಣ್ಣ ಇನ್ನೂ ಹೋಗಿಲ್ವೇನ್ರೀ?" ಪರದೆಯಾಚೆಯಿಂದ ನಾಹಿದಾ ಕೇಳಿದಳು. "ಟೀ ಇಡ್ಲಾ?"

ನುಡಿಸುತ್ತಿರುವುದು ತಾನು ಎಂದರೆ ಅವಳು ಓಹೋ ಎಂದು ಮತ್ತೆ ಹೊಲಿಗೆಗೆ ಬಗ್ಗುತ್ತಾಳೆ ಎಂಬುದು ಉಮರನಿಗೆ ಗೊತ್ತಿತ್ತು.

"ಇಡು," ಎಂದ. "ಎರಡು ಲೋಟ."

ಒಳಗೆ ಒಲೆ ಹತ್ತಿದ ಸದ್ದಾಯಿತು. ಹಾಲು ಉಕ್ಕುವವರೆಗೆ ಸಮಯವಿತ್ತು. ಉಮರ್ ಹಾಡನ್ನು ಮೊದಲಿನಿಂದ ಎತ್ತಿಕೊಂಡ.