ಕ್ವಾರಿ ತಿರುವಿನಲ್ಲಿ ಒಂದು ಉಸಿರು

ದೊಡ್ಡಮ್ಮನ ಹಳೇ ಕಾರಿಗೆ ಹಿಡಿದಿರುವುದು ಗಾಳಿಯ ಕಾಯಿಲೆ ಎಂಬುದರಲ್ಲಿ ಗ್ಯಾರೇಜು ನಡೆಸುವ ಅಪ್ಪನಿಗೂ ಮಗಳಿಗೂ ಅನುಮಾನವಿರಲಿಲ್ಲ. ಜಗಳವಿದ್ದದ್ದು ಮದ್ದಿನ ಬಗ್ಗೆ.

ಇಂಜಿನ್ನಿಗೆ ಗಾಳಿ ಹೋಗುವ ಕೊಳವೆಯ ಗಂಟಲಲ್ಲಿ ಕೂದಲೆಳೆಯಂಥ ಬಿಸಿ ತಂತಿಯ ಸೆನ್ಸರೊಂದಿರುತ್ತದೆ. ಎಷ್ಟು ಗಾಳಿ ಒಳಗೆ ಹೋಯಿತೆಂದು ಅದು ವೋಲ್ಟಿನಲ್ಲಿ ಚಾಡಿ ಹೇಳುತ್ತದೆ. ಆ ಚಾಡಿಗೆ ತಕ್ಕಷ್ಟು ಪೆಟ್ರೋಲು ಸುರಿಯುತ್ತದೆ. ಮಾತು ತಪ್ಪಿದರೆ ಇಂಜಿನ್ ಬಿಕ್ಕಿ, ಕೆಮ್ಮಿ, ನಿಂತೇ ಹೋಗುತ್ತದೆ. ಅಪ್ಪ ಎರಡು ಸಲ ಆ ಸೆನ್ಸರನ್ನೇ ಬದಲಾಯಿಸಿದ್ದ. ಕಾರು ಮತ್ತೆ ಮತ್ತೆ ನಿಂತಿತ್ತು, ಅದೂ ಊರಾಚೆಯ ಕ್ವಾರಿ ತಿರುವಿನಲ್ಲೇ.

ದೊಡ್ಡಮ್ಮ ಮನೆ ಮನೆಗೆ ಹೋಗಿ ಹೆರಿಗೆ ಮಾಡಿಸುವ ನರ್ಸು. ಮೂರು ವಾರದ ಹಿಂದೆ ಮೊದಲ ಸಲ ಕಾರು ಆ ತಿರುವಿನಲ್ಲಿ ಕೈಕೊಟ್ಟಾಗ ಚೀಲ ಹೊತ್ತು ಓಡಿದ್ದಳು. ಹೋಗಿ ಮುಟ್ಟುವಷ್ಟರಲ್ಲಿ ಮಗು ಹುಟ್ಟಿತ್ತು, ಉಸಿರಾಡಿರಲಿಲ್ಲ. ಅಂದಿನಿಂದ ಅವಳು ಊಟದ ತಟ್ಟೆಯ ಮುಂದೆ ಸುಮ್ಮನೆ ಕೂತಿರುತ್ತಿದ್ದಳು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದೀಯ ಅಪ್ಪ. ಸೆನ್ಸರ್ ಸರಿಯಾಗೇ ಇದೆ. ಅದರ ಮಾತು ತಲುಪಿಸೋ ವೈರ್ ಕೆಟ್ಟಿದೆ," ಎಂದಳು ವೋಲ್ಟು ಅಳೆಯುವ ಮೀಟರು ಹಿಡಿದಿದ್ದ ಮಗಳು.

"ಆಯ್ತು ಮೀಟರಮ್ಮ. ನಾನು ಕಿವೀಲೇ ಕಾಯಿಲೆ ಹಿಡೀತಿದ್ದಾಗ ನೀನು ತೊಟ್ಟಿಲಲ್ಲಿ ಹೆಬ್ಬೆರಳು ಚೀಪ್ತಿದ್ದೆ."

"ಆ ಕಿವಿಗೇ ಎರಡು ಸೆನ್ಸರ್ ಬಲಿಯಾಗಿದ್ದು."

ಅಪ್ಪ ಗೊಣಗುತ್ತಾ ಚಹಾ ಲೋಟ ಎತ್ತಿಕೊಂಡ. ಮೀಟರಮ್ಮ ಒಂದೊಂದೇ ವೈರಿಗೆ ಮೀಟರಿನ ಕಡ್ಡಿ ಮುಟ್ಟಿಸಿದಳು. ಬ್ಯಾಟರಿಯಿಂದ ಹನ್ನೆರಡು ವೋಲ್ಟು ಸರಿಯಾಗೇ ಬರುತ್ತಿತ್ತು. ಆದರೆ ಏನೂ ಇರಬಾರದ ಅರ್ತ್ ವೈರಿನಲ್ಲಿ ಅರ್ಧ ವೋಲ್ಟು ಜೋತುಬಿದ್ದಿತ್ತು. ಅದರ ಬಾಲ ಹಿಡಿದು ಹೋದರೆ, ಬ್ಯಾಟರಿಯ ಹಿಂದಿನ ಬೋಲ್ಟಿನಲ್ಲಿ ಹಸಿರು ಕಿಲುಬು. ಅದನ್ನು ಹೆರೆದು, ವೈರಿನ ತುದಿ ಹೊಸದು ಮಾಡಿ, ಬಿಗಿದಳು. ಈಗ ಇಂಜಿನ್ ನಿಂತಿದ್ದಾಗ ಸೆನ್ಸರಿನ ವೈರಿಗೆ ಹಿಡಿದ ಮೀಟರು ಒಂದು ವೋಲ್ಟು ತೋರಿಸಿ ಕಲ್ಲಿನಂತೆ ಕೂತಿತು.

ಅಷ್ಟರಲ್ಲಿ ದೊಡ್ಡಮ್ಮ ಚೀಲ ಹಿಡಿದು ಓಡಿಬಂದಳು. ಕ್ವಾರಿಯಾಚೆ ಒಬ್ಬಳಿಗೆ ನೋವು ಶುರುವಾಗಿತ್ತು.

"ಕಾರು ಹೋಗುತ್ತೇನೇ?"

ಶೆಡ್ಡಿನಲ್ಲಿದ್ದ ಇನ್ನೊಂದೇ ಒಂದು ಕಾರಿನ ಇಂಜಿನ್ ನೆಲದ ಮೇಲೆ ಬಿಡಿಬಿಡಿಯಾಗಿ ಬಿದ್ದಿತ್ತು. "ಹೋಗುತ್ತೆ ದೊಡ್ಡಮ್ಮ. ನಾನೇ ಓಡಿಸ್ತೀನಿ, ಕೂತ್ಕೋ," ಎಂದಳು ಮೀಟರಮ್ಮ.

ಬಾನೆಟ್ಟಿನಡಿಯಿಂದ ಉದ್ದನೆಯ ವೈರುಗಳನ್ನು ಕಿಟಕಿಯೊಳಗೆ ಎಳೆದು, ಮೀಟರನ್ನು ದೊಡ್ಡಮ್ಮನ ಮಡಿಲಲ್ಲಿಟ್ಟಳು. ದಾರಿಯುದ್ದಕ್ಕೂ ದೊಡ್ಡಮ್ಮ ಮಗ್ಗಿ ಒಪ್ಪಿಸುವವಳಂತೆ ಅಂಕಿ ಓದಿದಳು: ಎರಡು, ಎರಡೂವರೆ, ಎರಡು.

ತಿರುವು ಬಂತು. ಇಂಜಿನ್ ಬಿಕ್ಕಿತು, ನಿಂತಿತು.

ಸುಡುಸುಡು ಮಧ್ಯಾಹ್ನ. ಒಂದು ಹಕ್ಕಿಯ ಸದ್ದಿಲ್ಲ. ಕ್ವಾರಿಯ ಗುಂಡಿಯಲ್ಲಿ ನಿಂತ ನೀರಿಗೆ ಒಂದು ಸುಕ್ಕೂ ಇಲ್ಲ.

"ಒಂದು," ಎಂದಳು ದೊಡ್ಡಮ್ಮ. "ಒಂದೂ ಕಾಲು. ಒಂದು. ಒಂದೂ ಕಾಲು."

"ಇಂಜಿನ್ ನಿಂತಿದೆ. ಅದು ಅಲ್ಲಾಡಬಾರದು."

ಮೀಟರಮ್ಮ ಇಳಿದು ಬಾನೆಟ್ ಎತ್ತಿದಳು. ಬೋಲ್ಟು ಬಿಗಿಯಾಗಿತ್ತು, ಅರ್ತ್ ವೈರಿನಲ್ಲಿ ಸೊನ್ನೆ. ಗಾಳಿಯ ಕೊಳವೆ ಬಿಚ್ಚಿ, ಸೆನ್ಸರಿನ ಬಾಯಿಗೆ ಅಂಗೈ ಅಡ್ಡ ಹಿಡಿದಳು. ಒಳಗಿನಿಂದ ಏನೋ ಅಂಗೈಯನ್ನು ಮೆಲ್ಲಗೆ ಎಳೆದು ಬಿಟ್ಟಿತು, ಎಳೆದು ಬಿಟ್ಟಿತು.

ದೊಡ್ಡಮ್ಮನ ಕಣ್ಣು ಮೀಟರಿನಿಂದ ಕೈಗಡಿಯಾರಕ್ಕೆ, ಗಡಿಯಾರದಿಂದ ಮೀಟರಿಗೆ ಹೋಗಿಬರುತ್ತಿತ್ತು. ತುಟಿ ಎಣಿಸುತ್ತಿತ್ತು.

"ನಿಮಿಷಕ್ಕೆ ನಲವತ್ತು."

"ಹಾಗಂದ್ರೆ?"

"ಹುಟ್ಟಿದ ಮಗು ಉಸಿರಾಡೋ ಲೆಕ್ಕ ಕಣೇ ಅದು."

ಅಂಕಿಗಳು ತಡವರಿಸತೊಡಗಿದವು. ಒಂದೂ ಕಾಲಿಗೆ ಏರುತ್ತಿದ್ದದ್ದು ಅಷ್ಟು ಏರಲಿಲ್ಲ. ಆಮೇಲೆ ಇನ್ನೂ ಕಡಿಮೆ. ದೊಡ್ಡಮ್ಮ ಮೀಟರನ್ನು ಸೀಟಿನ ಮೇಲಿಟ್ಟು ಇಳಿದಳು. ಅವಳ ನಡಿಗೆಯಲ್ಲಿ ಆತುರವಿತ್ತು, ಭಯವಿರಲಿಲ್ಲ.

"ಕೈ ತೆಗಿ. ನೀನು ಹೋಗಿ ಅಂಕಿ ಹೇಳು."

ಅವಳು ಬಾಗಿ, ಸೆನ್ಸರಿನ ಬಾಯಿಗೆ ಬಾಯಿಟ್ಟು ಊದಿದಳು. ಜೋರಾಗಲ್ಲ, ಕೆನ್ನೆಯಲ್ಲಿ ಹಿಡಿಸುವಷ್ಟೇ ಗಾಳಿ, ಎಳೆ ಎದೆಗೆ ಅಷ್ಟೇ ಸಾಕು ಎನ್ನುವಂತೆ.

"ಒಂದೂವರೆ," ಎಂದಳು ಮೀಟರಮ್ಮ. "ಒಂದು. ಒಂದೂವರೆ."

ಐದು ಸಲ ಊದಿ ದೊಡ್ಡಮ್ಮ ತಲೆಯೆತ್ತಿದಳು. "ಅವತ್ತು ಹತ್ತು ನಿಮಿಷ ಮುಂಚೆ ನನ್ನ ಕೈಗೆ ಸಿಕ್ಕಿದ್ರೆ ಇದನ್ನೇ ಮಾಡ್ತಿದ್ದೆ," ಎಂದಳು, ಯಾರಿಗೆ ಎಂದು ತಿಳಿಯಲಿಲ್ಲ.

ಆಗ, ಯಾರೂ ಊದದೆ, ಅಂಕಿ ತಾನಾಗಿ ಏರಿತು. ಎರಡು, ಮೂರು, ನಾಲ್ಕು. ಒಂದು ದೀರ್ಘ ಉಸಿರು. ಆಮೇಲೆ ಒಂದಕ್ಕೆ ಇಳಿದು ಅಲ್ಲೇ ನಿಂತಿತು.

ಮೀಟರಮ್ಮ ಕೊಳವೆ ಮತ್ತೆ ಜೋಡಿಸಿದಳು. ಕೀಲಿ ತಿರುಗಿಸಿದಳು. ಏನೂ ಆಗಿಲ್ಲವೆಂಬಂತೆ ಇಂಜಿನ್ ಗುರ್ ಎಂದಿತು.

"ಅದು ಹೋಯ್ತಾ ದೊಡ್ಡಮ್ಮ?"

"ನೀನು ರಸ್ತೆ ನೋಡು."

ಕ್ವಾರಿಯಾಚೆಯ ಆ ಮನೆಯ ಗೇಟಿನಲ್ಲಿ ಹೆಂಗಸೊಬ್ಬಳು ಟವೆಲು ಬೀಸುತ್ತಿದ್ದಳು. ಕಾರು ನಿಲ್ಲುವ ಮೊದಲೇ ದೊಡ್ಡಮ್ಮ ಇಳಿದು ಒಳಗೆ ನುಗ್ಗಿದಳು.

ಮೀಟರಮ್ಮ ಮೆಟ್ಟಿಲ ಮೇಲೆ ಕೂತು ಅಳುವಿಗಾಗಿ ಕಾದಳು. ಒಳಗೆ ತಾಯಿ ಕೂಗಿದಳು, ಮತ್ತೆ ಕೂಗಿದಳು, ಸುಮ್ಮನಾದಳು. ಮಗುವಿನ ಅಳು ಬರಲಿಲ್ಲ. ಕಾದಷ್ಟೂ ಬರಲಿಲ್ಲ. ಇನ್ನು ದೊಡ್ಡಮ್ಮನ ಮುಖ ಹೇಗೆ ನೋಡುವುದು ಎಂದುಕೊಳ್ಳುವಷ್ಟರಲ್ಲಿ ಬಾಗಿಲು ತೆರೆಯಿತು.

"ಹೆಣ್ಣು ಮಗು," ಎಂದಳು ದೊಡ್ಡಮ್ಮ. "ತಾಯಿನೂ ಚೆನ್ನಾಗಿದ್ದಾಳೆ. ಸರಿಯಾದ ಹೊತ್ತಿಗೆ ಬಂದ್ವಿ."

"ಮತ್ತೆ ಅಳು ಕೇಳಿಸಲೇ ಇಲ್ಲ?"

ದೊಡ್ಡಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಅಳಲಿಲ್ಲ ಕಣೇ. ನಾನು ಬೆನ್ನು ತಟ್ಟೋದೂ ಬೇಕಾಗಲಿಲ್ಲ. ಹೊರಗೆ ಬರ್ತಿದ್ದ ಹಾಗೇ ಸಲೀಸಾಗಿ ಉಸಿರಾಡ್ತಿತ್ತು," ಎಂದು ದನಿ ತಗ್ಗಿಸಿದಳು, "ಮೊದಲೇ ರೂಢಿ ಇರೋರ ಹಾಗೆ."