ಬಾಕಿ ಉಳಿದ ಮುಯ್ಯಾಳು

ಶ್ರಾವಣ ಹುಟ್ಟಿತ್ತು. ಹುಲ್ಲಹಳ್ಳಿ ನಾಲೆಯ ಕೆಳಗಿನ ಗದ್ದೆಗಳಲ್ಲೆಲ್ಲ ನಾಟಿ ಸಾಗಿತ್ತು. ಸಿದ್ದಲಿಂಗಮ್ಮನ ಗದ್ದೆಯಲ್ಲಿ ಪೈರು ಆಗಲೇ ಬೇರು ಹಿಡಿದು ಹಸಿರಾಗಿತ್ತು. ಆದರೂ ಅವಳಿಗೆ ನೆಮ್ಮದಿಯಿಲ್ಲ. ಶಿವಮಲ್ಲಪ್ಪನ ಮುಯ್ಯಾಳು ಇನ್ನೂ ತೀರಿರಲಿಲ್ಲ.

ಆ ಕಡೆ ನಾಟಿಗೆ ಕೂಲಿಯ ಮಾತಿಲ್ಲ. ನಿಮ್ಮ ಗದ್ದೆಗೆ ನಾವೊಂದು ದಿನ ಬಂದರೆ, ನಮ್ಮ ಗದ್ದೆಗೆ ನೀವೊಂದು ದಿನ; ಅದೇ ಮುಯ್ಯಾಳು. ಪ್ಲೇಗಿನಲ್ಲಿ ಗಂಡ ಹೋದ ಮೇಲೆ ಅವಳೂ ಅತ್ತೆ ಪುಟ್ಟಬಸಮ್ಮನೂ ಹೀಗೆಯೇ ಬೇಸಾಯ ನಡೆಸಿದ್ದರು, ಯಾರ ಹಂಗನ್ನೂ ಇಟ್ಟುಕೊಳ್ಳದೆ. ಈ ಸಲ ಪಕ್ಕದ ಗದ್ದೆಯ ಶಿವಮಲ್ಲಪ್ಪ ಬಂದು ಒಂದು ದಿನ ಬದು ಕಡಿದುಕೊಟ್ಟಿದ್ದ. ಆಮೇಲೆ ಅವನ ಅಕ್ಕ ಬಂದು, ಕೂಡಾವಳಿಗೆ ಒಪ್ಪುತ್ತೀಯಾ, ತಮ್ಮ ಕೇಳಿಕೊಂಡು ಬಾ ಅಂದ ಎಂದಳು. ಗಂಡ ಸತ್ತವಳು ಮತ್ತೆ ಮದುವೆಯಾಗುವುದು ಅವರ ಮನೆಗಳಲ್ಲಿ ಹೊಸದಲ್ಲ. ಆದರೆ ಸಿದ್ದಲಿಂಗಮ್ಮ, ಮೊದಲು ಮುಯ್ಯಿ ತೀರಲಿ, ಹಂಗಿನಲ್ಲಿದ್ದುಕೊಂಡು ಹೂಂ ಅನ್ನಲಾರೆ ಎಂದು ಹೇಳಿ ಕಳಿಸಿದ್ದಳು.

ಅಂದಿನಿಂದ ನಾಟಿಗೆ ಯಾವತ್ತು ಬರಲಿ ಎಂದು ಅವಳು ಹೇಳಿ ಕಳಿಸಿದಾಗಲೆಲ್ಲ ಅವನದು ಒಂದೇ ಉತ್ತರ, ಅವಸರವೇನು ಎಂದು.

ಕೊನೆಗೊಂದು ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ಸೀರೆ ಎತ್ತಿಕಟ್ಟಿ ಅವನ ಗದ್ದೆಗೇ ನಡೆದರು. ಸಸಿ ಬೆಳೆಸುವ ಒಟ್ಟಲಿನಲ್ಲಿ ಪೈರು ಬಲಿತು ಗೆಣ್ಣು ಕಟ್ಟಿ, ತುದಿ ಹಳದಿಗೆ ತಿರುಗಿತ್ತು.

"ಇದೇನ್ಲಾ ಮಲ್ಲ," ಎಂದಳು ಪುಟ್ಟಬಸಮ್ಮ, "ಒಟ್ಲಲ್ಲೇ ಕುಯ್ಲು ಮಾಡೀಯಾ?"

ಅವನು ಕೆಸರು ನೋಡುತ್ತ ನಿಂತ. "ಮುಯ್ಯಿ ತೀರುದ್ರೆ ಇವ್ರು ಇತ್ಲಾಗೆ ತಿರುಗಿ ನೋಡಾಕಿಲ್ಲ ಅಂತ... ಇರೋದು ಅದೊಂದೇ ನಂಟು ಕಣವ್ವ."

ಸಿದ್ದಲಿಂಗಮ್ಮನಿಗೆ ನಗು ಬಂತು, ನುಂಗಿಕೊಂಡಳು. "ಅದುಕ್ಕೆ ಪೈರ ಸಾಯಿಸ್ತೀರಾ? ಇಳೀರಿ, ಕೀಳಿ."

ಅವನೂ ಅವನ ಅಕ್ಕನೂ ಸಸಿ ಕಿತ್ತು ಕೊಟ್ಟರು. ಅತ್ತೆ ಸೊಸೆ ಬಗ್ಗಿದ ಬೆನ್ನು ಎತ್ತದೆ ನೆಟ್ಟರು. ಹೊತ್ತು ಇಳಿಯುವಷ್ಟರಲ್ಲಿ ಗದ್ದೆ ತುಂಬಿತು.

"ನನ್ ಮುಯ್ಯಿ ತೀರ್ತು," ಎಂದಳು ಸಿದ್ದಲಿಂಗಮ್ಮ, ಕಾಲುವೆಯಲ್ಲಿ ಕಾಲು ತೊಳೆಯುತ್ತ. ಅವನ ಮುಖ ಇಳಿದುಹೋಯಿತು.

"ನಾನು ಬಂದುದ್ದು ಎಲ್ಲೋಯ್ತು?" ಎಂದಳು ಪುಟ್ಟಬಸಮ್ಮ. "ಒಂದಾಳು ನಿನ್ ಮ್ಯಾಲೇ ನಿಂತದೆ ಕಣ್ಲಾ."

ನಾಳೆಯೇ ಬಂದು ತೀರಿಸುತ್ತೇನೆ ಎಂದು ಅವನು ತಡವರಿಸಿದ.

ಸಿದ್ದಲಿಂಗಮ್ಮ ತಲೆಯೆತ್ತಿ ಅವನನ್ನು ನೇರವಾಗಿ ನೋಡಿದಳು. "ಅವಸರವೇನು? ನಮ್ಮನೇಲೇ ಇದ್ದು ತೀರ್ಸೀರಂತೆ. ಅತ್ತೆನ ಬುಟ್ಟು ನಾನೆಲ್ಗೂ ಬರಾಕಿಲ್ಲ."

ಪುಟ್ಟಬಸಮ್ಮ ಏನೂ ಕೇಳಿಸದವಳ ಹಾಗೆ ಬದುವಿನ ಮೇಲೆ ಮುಂದೆ ಮುಂದೆ ನಡೆದಳು. ಆ ಒಂದಾಳು ಬಾಕಿಯೇ ಉಳಿಯಿತು.