ಅಂಪೈರ್ ಅಕ್ಕ

ಅಕ್ಕ ಆಟದಲ್ಲಿ ಮೋಸ ಮಾಡುತ್ತಾಳೆ ಅನ್ನೋದು ಇಡೀ ಬೀದಿಗೆ ಗೊತ್ತಿದ್ದ ಸಂಗತಿ, ಅದರಲ್ಲಿ ಮುಚ್ಚುಮರೆಯೇ ಇರಲಿಲ್ಲ. ಇಸ್ಪೀಟಿಗೆ ಕೂತರೆ ಪಕ್ಕದವರ ಎಲೆ ಇಣುಕಿ ನೋಡುವಳು. ಕೇರಂ ಆಡುವಾಗ ಕೆಮ್ಮು ಬಂದವಳ ಹಾಗೆ ಮಾಡಿ ಕಾಯಿಯನ್ನು ಊದುವಳು. ಹುಲ್ಲಿನ ಮೇಲೆ ಗುಂಡು ಉರುಳಿಸುವ ಆಟವಾದರೆ ಚಪ್ಪಲಿಯ ಅಂಚಿನಿಂದ ತನ್ನ ಗುಂಡನ್ನು ಒಂದಿಷ್ಟು ಮುಂದಕ್ಕೆ ತಳ್ಳುವಳು. ಸಿಕ್ಕಿಬಿದ್ದರೆ ನಾಚಿಕೆಯೂ ಇಲ್ಲ, ಹೊಟ್ಟೆ ಹಿಡಿದುಕೊಂಡು ನಗುವಳು. "ಹೂಂ ಕಣ್ರಪ್ಪ, ಮಾಡ್ದೆ. ಆಟದಲ್ಲಿ ಮಾಡ್ದೆ ಇನ್ನೇನು ಅಂಗಡೀಲಿ ಮಾಡ್ಲಾ ಮೋಸಾನ?"

ಅಂಗಡಿ ಅಂದರೆ ಬೀದಿಯ ತುದಿಯಲ್ಲಿದ್ದ ಅವಳ ಇಸ್ತ್ರಿ ಅಂಗಡಿ. ಅಲ್ಲಿ ಅವಳತ್ತ ಬೆರಳು ತೋರಿಸುವ ಗಂಡಸು ಇನ್ನೂ ಹುಟ್ಟಿರಲಿಲ್ಲ ಬಿಡಿ. ಯಾರ ಅಂಗಿಯ ಗುಂಡಿ ಸಡಿಲವಾಗಿದ್ದರೂ ಕೇಳದೆಯೇ ಹೊಲಿದು ಕೊಡುವಳು. ಅಪ್ಪ ಅಮ್ಮ ಹೋದ ಮೇಲೆ ಅದೇ ಇಸ್ತ್ರಿ ಪೆಟ್ಟಿಗೆ ತಿಕ್ಕಿ ತಿಕ್ಕಿ ತಮ್ಮನನ್ನು ಓದಿಸಿದ್ದಳು. ತಮ್ಮ ಈಗ ಲಿಫ್ಟ್ ರಿಪೇರಿ ಮಾಡುವ ಕಂಪನಿಯಲ್ಲಿ ದೊಡ್ಡ ಮೇಸ್ತ್ರಿ. ಸಾಲದ್ದಕ್ಕೆ ಈ ವರ್ಷ ಬಡಾವಣೆಯ ಕ್ಲಬ್ಬಿಗೆ ಕಾರ್ಯದರ್ಶಿಯೂ ಆಗಿದ್ದ. ಕಾರ್ಯದರ್ಶಿ ಆದ ಮೇಲೆ ಅವನ ನಡಿಗೆಯೇ ಬದಲಾಗಿತ್ತು. ಮನೆಯೊಳಗೂ ಬೂಟು ಹಾಕಿಕೊಂಡವನ ಹಾಗೆ ನಡೆಯುತ್ತಿದ್ದ.

ಆ ಹುಮ್ಮಸ್ಸಿನಲ್ಲೇ ವಾರಾಂತ್ಯಕ್ಕೊಂದು ಸ್ನೇಹ ಪಂದ್ಯಾವಳಿ ಇಟ್ಟ. ಶನಿವಾರ ಕ್ಲಬ್ಬಿನ ಬಾರಿನಲ್ಲಿ ಕೇರಂ ಮತ್ತು ಡಾರ್ಟ್ಸ್. ಭಾನುವಾರ ಹಿಂದಿನ ಹುಲ್ಲುಹಾಸಿನ ಮೇಲೆ ರಿಂಗ್ ಎಸೆತ, ಕೊನೆಗೆ ಗುಂಡಿನ ಆಟ. ಎಲ್ಲ ಸರಿ, ಅಕ್ಕ ಬಂದು ಆಡಿದರೆ? ಅಧ್ಯಕ್ಷರಾದ ಹಲ್ಲಿನ ಡಾಕ್ಟರ ಎದುರಿಗೆ ಅವಳು ಚಪ್ಪಲಿಯಿಂದ ಗುಂಡು ತಳ್ಳಿ ಕಿಸಿಕಿಸಿ ನಕ್ಕರೆ? ಅದನ್ನು ನೆನೆಸಿಕೊಂಡೇ ಅವನಿಗೆ ಊಟ ಸೇರಲಿಲ್ಲ.

"ಹಾಗಾದ್ರೆ ಅತ್ತಿಗೆಗೆ ಬರ್ಬೇಡಿ ಅಂತ ಹೇಳಿಬಿಡಿ, ಧೈರ್ಯ ಇದ್ರೆ," ಅಂದಳು ಹೆಂಡತಿ.

ಧೈರ್ಯ ಎಲ್ಲಿಂದ ಬರಬೇಕು? ಅದರ ಬದಲು ಅವನಿಗೊಂದು ಉಪಾಯ ಹೊಳೆಯಿತು. ಅಕ್ಕನನ್ನೇ ಅಂಪೈರ್ ಮಾಡಿಬಿಡೋದು. ಅಂಪೈರ್ ಆದವರು ಆಡುವ ಹಾಗಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಅಂಗಡಿಗೆ ಹೋಗಿ ಹೇಳಿದ. ಅಕ್ಕನ ಕೈ ನಿಂತೇಹೋಯಿತು. ಕೆಳಗಿದ್ದ ಅಂಗಿ ಸುಟ್ಟೀತೆಂದು ಅವನೇ ಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟ.

"ನನ್ನಾ? ತಮಾಷೆ ಮಾಡ್ತಿಲ್ಲ ತಾನೆ?"

"ನಿನ್ನಷ್ಟು ನ್ಯಾಯಸ್ಥರು ಯಾರಿದಾರಕ್ಕ?" ಸುಳ್ಳು ಬೆಣ್ಣೆಯ ಹಾಗೆ ಬಾಯಿಂದ ಜಾರಿತು.

ಅಕ್ಕ ತಿರುಗಿ, ಮಡಿಸಿಟ್ಟ ಬಟ್ಟೆಯನ್ನೇ ಮತ್ತೆ ಮಡಿಸಿದಳು. "ಎಲ್ರೂ ನನ್ನ ಕಳ್ಳಿ ಕಳ್ಳಿ ಅಂತಾರೆ. ತಮಾಷೆಗೇ ಅಂತಾರೆ, ಗೊತ್ತು. ನಾನೇ ಮಾಡ್ಕೊಂಡಿದ್ದು ಅದು. ಆದ್ರೂ ವಯಸ್ಸಾಗ್ತಾ ಆಗ್ತಾ ಯಾಕೋ ಚುಚ್ಚುತ್ತೆ ಕಣೋ. ನೀನೊಬ್ಬ ಹೀಗೆ ಅಂದ್ಕೊಂಡಿದೀಯಲ್ಲ, ಸಾಕು ನಂಗೆ."

ಅವನಿಗೆ ಅಲ್ಲೇ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಹೂಂ ಎಂದು ತಲೆಯಾಡಿಸಿ ಬಂದ.

ಅಂದಿನಿಂದ ಅಕ್ಕನಿಗೆ ಅದೇ ಧ್ಯಾನ. ಬಟ್ಟೆ ಕೊಡಲು ಬಂದವರನ್ನೆಲ್ಲ ನಿಲ್ಲಿಸಿಕೊಂಡು ನಿಯಮ ಒಪ್ಪಿಸುವಳು. ಯಾರದೋ ಹಳೆಯ ಬಿಳಿ ಕೋಟನ್ನು ತನ್ನ ಅಳತೆಗೆ ಹೊಲಿದುಕೊಂಡಳು. ಶನಿವಾರ ಅದನ್ನು ತೊಟ್ಟು, ಕೊರಳಿಗೆ ಸೀಟಿ ನೇತುಹಾಕಿಕೊಂಡು ಬಂದಾಗ ನಗಲು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು. ಡಾರ್ಟ್ಸ್ ಎಸೆಯುವಾಗ ಬೇಕರಿಯವನ ಕಾಲು ಗೆರೆ ದಾಟಿತು. ಸೀಟಿ ಕೇಳಿಸಿತು.

"ಅರ್ಧ ಇಂಚು ತಾನೆ ಅಕ್ಕ!"

"ಅರ್ಧ ಇಂಚು ನಿನ್ನ ಬ್ರೆಡ್ಡಲ್ಲಿ ಉಳಿಸ್ಕೋ, ಇಲ್ಲಿ ಬೇಡ. ಮತ್ತೆ ಎಸಿ."

ಸಂಜೆಯ ಹೊತ್ತಿಗೆ ಚಿತ್ರವೇ ಬದಲಾಗಿತ್ತು. ಎಲ್ಲಿ ತಕರಾರು ಎದ್ದರೂ "ಅಕ್ಕನ್ನ ಕೇಳಿ" ಅನ್ನುತ್ತಿದ್ದರು. ಅಕ್ಕ ಹೇಳಿದ್ದೇ ಕೊನೆ. ಒಮ್ಮೆ ತಮ್ಮನ ವಿರುದ್ಧವೇ ತೀರ್ಪು ಕೊಟ್ಟಳು, ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಬಾರಿನ ಕಟ್ಟೆಯ ಹತ್ತಿರ ಹಲ್ಲಿನ ಡಾಕ್ಟರು ಕಾರ್ಯದರ್ಶಿಯ ಹೆಗಲ ಮೇಲೆ ಕೈ ಹಾಕಿದರು. "ಭಲೇ ಉಪಾಯ ಮಾಡಿದ್ರಿ. ಸೀಟಿ ಕೊಟ್ಟು ನಿಮ್ಮಕ್ಕನ ಕೈ ಕಟ್ಟಿಹಾಕಿದ್ರಲ್ಲ!"

ಸುಮ್ಮನಿರಬಹುದಿತ್ತು. ಹಾಗಲ್ಲ ಸಾರ್ ಅನ್ನಬಹುದಿತ್ತು. ಅಧ್ಯಕ್ಷರ ಕೈ ಹೆಗಲ ಮೇಲಿತ್ತು ನೋಡಿ, ಅವನೂ ನಕ್ಕ. "ಏನ್ ಮಾಡೋದು ಸಾರ್, ಕಳ್ಳರ ಕೈಗೆ ಬೀಗದ ಕೈ ಕೊಟ್ರೆ ಮನೆ ಉಳಿಯುತ್ತೆ."

ನಗುತ್ತಾ ತಿರುಗಿದರೆ ಹಿಂದೆಯೇ ಅಕ್ಕ. ಕೈಯಲ್ಲಿ ಬೋರ್ಡಿನಿಂದ ಕಿತ್ತು ತಂದ ಡಾರ್ಟುಗಳು. ಅವನ್ನು ಒಂದೊಂದಾಗಿ ಕಟ್ಟೆಯ ಮೇಲೆ ಜೋಡಿಸಿಟ್ಟು, "ನಾಳೆ ಎಷ್ಟು ಹೊತ್ತಿಗೆ ಬರ್ಲಿ?" ಎಂದಷ್ಟೇ ಕೇಳಿದಳು. ಕೇಳಿಸಿಕೊಂಡಿರಲಾರಳು ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ. ಬೇಕಾದದ್ದನ್ನು ನಂಬಲು ಸಾಕ್ಷಿ ಬೇಕೇ?

ಭಾನುವಾರ ಮಧ್ಯಾಹ್ನ ಗುಂಡಿನ ಆಟದ ಫೈನಲ್. ಮೊದಲು ಪುಟ್ಟ ಬಿಳಿ ಗುಂಡೊಂದನ್ನು ದೂರಕ್ಕೆ ಎಸೆಯುತ್ತಾರೆ, ಆಮೇಲೆ ದೊಡ್ಡ ಗುಂಡುಗಳನ್ನು ಅದರತ್ತ ಉರುಳಿಸುತ್ತಾರೆ. ಯಾರದು ಹೆಚ್ಚು ಹತ್ತಿರವೋ ಅವರು ಗೆದ್ದಂತೆ. ಒಂದು ಕಡೆ ಡಾಕ್ಟರು, ಇನ್ನೊಂದು ಕಡೆ ಕಾರ್ಯದರ್ಶಿ. ಗೆಲ್ಲಲೇಬೇಕೆಂಬ ಹಟ ಅವನಿಗೆ ಹಿಂದೆಂದೂ ಇಷ್ಟು ಬಂದಿರಲಿಲ್ಲ. ನಮ್ಮ ಮನೆಯಲ್ಲೂ ನೆಟ್ಟಗೆ ಆಡಿ ಗೆಲ್ಲುವವರಿದ್ದಾರೆ ಎಂದು ತೋರಿಸಬೇಕಿತ್ತು.

ಇಬ್ಬರ ಕೊನೆಯ ಗುಂಡುಗಳೂ ಬಿಳಿ ಗುಂಡಿನ ಆಚೆ ಈಚೆ ಬಂದು ನಿಂತವು. ಕಣ್ಣಳತೆಗೆ ಎರಡೂ ಒಂದೇ. ಅಕ್ಕ ದಾರ ಹಿಡಿದು ಮಂಡಿಯೂರಿ ಕೂತಳು. ಅಷ್ಟರಲ್ಲಿ ಬೇಕರಿಯವನು ಗ್ಲಾಸುಗಳ ಟ್ರೇ ಹೊತ್ತು ಬರುತ್ತ ಎಡವಿದ. ಫಳ್ ಎಂದಿತು. ಎಲ್ಲರ ತಲೆಯೂ ಅತ್ತ ಹೊರಳಿತು.

ತಮ್ಮನ ಬೂಟಿನ ಅಂಚು ಅವನದೇ ಗುಂಡಿಗೆ ತಾಗಿತು. ತಾಗಿತು ಅನ್ನೋದೇಕೆ, ತಾಗಿಸಿದ. ಯೋಚನೆ ಮಾಡಿ ಮಾಡಿದ್ದಲ್ಲ, ಹುಡುಗಾಟದ ದಿನಗಳಿಂದ ನೋಡಿ ನೋಡಿ ಕಾಲಿಗೇ ಪಾಠವಾಗಿತ್ತು. ಗುಂಡು ಒಂದು ಸುತ್ತು ಮುಂದಕ್ಕೆ ಉರುಳಿತು. ತಲೆಯೆತ್ತಿದರೆ ಅಕ್ಕ ಅವನ ಕಾಲನ್ನೇ ನೋಡುತ್ತಿದ್ದಾಳೆ. ಗ್ಲಾಸು ಒಡೆದದ್ದಕ್ಕೆ ಅವಳೊಬ್ಬಳು ತಿರುಗಿರಲಿಲ್ಲ.

"ಏ, ಇದು ಇಲ್ಲಿರಲಿಲ್ಲವಲ್ಲ!" ಡಾಕ್ಟರು ಬಗ್ಗಿ ನೋಡಿದರು. ಗುಂಡು ಹೊರಳಿದ ಕಡೆ ಹುಲ್ಲು ಮಲಗಿತ್ತು. "ಯಾರು ಮುಟ್ಟಿದ್ದು?"

ಬೆವರು ಅವನ ಕಾಲರಿಗೆ ಇಳಿಯಿತು. ಆಗ ಅವನು ಮಾಡಿದ್ದು ಇಷ್ಟೇ. ಬಾಯಿ ಬಿಡಲಿಲ್ಲ, ಯಾರ ಮೇಲೂ ಹಾಕಲಿಲ್ಲ. ಅಕ್ಕನ ಕಡೆ ನೋಡಿದ. ಅವನ ಕಣ್ಣು ಹೋದಲ್ಲಿಗೆ ಉಳಿದವರ ಕಣ್ಣೂ ಹೋದವು.

ಅಕ್ಕ ಎಲ್ಲರ ಮುಖವನ್ನೂ ಒಮ್ಮೆ ನೋಡಿದಳು. ಮಂಡಿಯ ಮಣ್ಣು ಕೊಡವಿಕೊಂಡು ಎದ್ದಳು.

"ನನ್ನ ಕೈ ತಗಲ್ತು," ಅಂದಳು.

ಬಿತ್ತು ನೋಡಿ ನಗೆಯ ಸಿಡಿಲು. "ಹುಟ್ಟುಗುಣ ಸುಟ್ರೂ ಹೋಗಲ್ಲ ಬಿಡಕ್ಕ!" ಎಂದು ಬೇಕರಿಯವನು ಕೂಗಿದ. "ತಮ್ಮ ಸೋಲೋದು ನೋಡಕ್ಕಾಗ್ಲಿಲ್ಲ ಪಾಪ," ಅಂದರು ಡಾಕ್ಟರು. ಯಾರ ಮಾತಿನಲ್ಲೂ ವಿಷವಿರಲಿಲ್ಲ, ಎಲ್ಲರಿಗೂ ಅವಳ ಮೇಲೆ ಪ್ರೀತಿಯೇ. ಹಳೆಯ ಅಕ್ಕ ತಮಗೆ ವಾಪಸು ಸಿಕ್ಕಳೆಂದು ನಕ್ಕರು. ಅಕ್ಕನೂ ನಕ್ಕಳು. ಅವನ ಹೆಂಡತಿಯೊಬ್ಬಳು ನಗದೆ ಗಂಡನ ಬೂಟನ್ನು ನೋಡುತ್ತ ನಿಂತಿದ್ದಳು.

ಮತ್ತೊಮ್ಮೆ ಉರುಳಿಸಿ ಎಂದಾಯಿತು. ಡಾಕ್ಟರ ಗುಂಡು ಬಿಳಿ ಗುಂಡಿಗೆ ಮುತ್ತಿಟ್ಟ ಹಾಗೆ ನಿಂತಿತು. ಅವನು ಬಿಟ್ಟ ಗುಂಡು ಬೇಲಿ ಸೇರಿತು.

ಬಹುಮಾನಕ್ಕೆ ಮೇಜು ಜೋಡಿಸುವ ಗಡಿಬಿಡಿಯಲ್ಲಿ ಅವನು ಅಕ್ಕನ ಬಳಿಗೆ ಹೋದ. ಅವಳು ದಾರ ಸುತ್ತುತ್ತಿದ್ದಳು.

"ಯಾಕಕ್ಕ ನಿನ್ನ ಮೇಲೆ ಹಾಕ್ಕೊಂಡೆ?"

"ನೀನು ನನ್ನ ಕಡೆ ನೋಡ್ದೆಯಲ್ಲೋ," ಅಂದಳು ಅಕ್ಕ. ಬೈಗುಳದ ದನಿಯಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟಳು ಅಷ್ಟೇ. "ನಿನ್ನೆ ಬಾರಲ್ಲಿ ಆಡಿದ ಮಾತೂ ಕೇಳಿಸ್ತು. ಆದ್ರೂ ಇವತ್ತು ಬಂದೆ. ಎರಡು ದಿನ ನೆಟ್ಟಗೆ ಮಾಡಿದ್ರೆ ನೀನೇ ನಂಬ್ತೀಯ ಅಂದ್ಕೊಂಡೆ."

ಥೂ, ನಾನೂ ಒಬ್ಬ ಮನುಷ್ಯನೇ ಅಂದುಕೊಂಡ. ಸಣ್ಣವನಿದ್ದಾಗ ಅವಳ ಬೆನ್ನ ಹಿಂದೆ ಬಚ್ಚಿಟ್ಟುಕೊಂಡಷ್ಟು ಸಲೀಸಾಗಿ ಈಗಲೂ ಬಚ್ಚಿಟ್ಟುಕೊಂಡಿದ್ದ. ಅವಳಿಗಿದ್ದ ಒಂದೇ ಆಸೆಯನ್ನು ತಾನೇ ಕೊಟ್ಟು ತಾನೇ ಕಿತ್ತುಕೊಂಡಿದ್ದ.

ಅಷ್ಟರಲ್ಲಿ ವಂದನಾರ್ಪಣೆಗೆ ಕಾರ್ಯದರ್ಶಿಯನ್ನು ಕರೆದರು. ಮೈಕು ಹಿಡಿದು ಅವರಿವರಿಗೆ ವಂದನೆ ಹೇಳಿದ. "ನಮ್ಮ ಅಂಪೈರಿಗೆ" ಅಂದದ್ದೇ ತಡ, ಮತ್ತೆ ಎಲ್ಲರೂ ಗೊಳ್ಳೆಂದರು. ಅವನು ಕಣ್ಣು ಮುಚ್ಚಿ ಹೇಳಿಯೇಬಿಟ್ಟ.

"ಗುಂಡು ತಳ್ಳಿದ್ದು ನಾನು. ನನ್ನ ಬೂಟಿಂದ. ಅಕ್ಕ ಮುಟ್ಟೇ ಇಲ್ಲ."

ಡಾಕ್ಟರು ಎದ್ದು ಚಪ್ಪಾಳೆ ತಟ್ಟಿದರು. "ನೋಡ್ರಪ್ಪ, ಅಕ್ಕನ ಮಾನ ಉಳಿಸೋಕೆ ತನ್ನ ಮೇಲೆ ಹಾಕ್ಕೋತಿದಾನೆ! ತಮ್ಮ ಅಂದ್ರೆ ಇವನು!"

"ಇಲ್ಲ ಸಾರ್, ನಿಜ! ಆಣೆ ಮಾಡಿ ಹೇಳ್ತೀನಿ!" ಅವನು ಕೂಗಿದ. ಕೂಗಿದಷ್ಟೂ ಚಪ್ಪಾಳೆ ಜೋರಾಯಿತು. ಬೇಕರಿಯವನು ಕಣ್ಣೊರೆಸಿಕೊಂಡ. ಯಾರೋ ಬಂದು ತಬ್ಬಿಕೊಂಡರು. "ಅಕ್ಕ, ನೀನಾದ್ರೂ ಹೇಳೇ!" ಎಂದು ಅವನು ಗುಂಪಿನ ತಲೆಗಳ ಮೇಲಿಂದ ಅಂಗಲಾಚಿದ.

ಅಕ್ಕ ಬಾಯಿ ತೆರೆದಳು. ಹತ್ತಿರ ನಿಂತಿದ್ದ ಹೆಂಗಸೊಬ್ಬಳು ಅವಳ ಕೆನ್ನೆ ಹಿಂಡಿ, "ನೀನು ಏನ್ ಹೇಳಿದ್ರೂ ಯಾರು ನಂಬ್ತಾರೆ, ಕಳ್ಳಿ?" ಎಂದು ಮುದ್ದಿನಿಂದ ಅಂದಳು.

ಅಕ್ಕ ಬಾಯಿ ಮುಚ್ಚಿಕೊಂಡಳು. ಕೊರಳಿನ ಸೀಟಿ ತೆಗೆದು ಮೇಜಿನ ಮೇಲಿಟ್ಟು, ಬಿಳಿ ಕೋಟು ಬಿಚ್ಚಿ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಗೇಟಿನ ಕಡೆ ನಡೆದಳು. ಅವನು ಹಿಂದೆ ಓಡಬೇಕೆಂದರೆ, ಜನ ಅವನನ್ನು ಹೆಗಲ ಮೇಲೆ ಎತ್ತಿಕೊಂಡಿದ್ದರು.